ಬಂಡೆಯ ಹೆಸರು, ಗಣಕದ ಹೆಸರು

ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರನ್ನು ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಓದದವರು ವಿರಳ. 1915ರಲ್ಲಿ, ಈ ಊರು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರು ಇಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಪ್ರಾಚೀನ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅವನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಆ ಮೊದಲು ಭಾರತದ ಮೂಲೆಮೂಲೆಗಳಲ್ಲಿ ದೊರೆತಿದ್ದ ಇಂತಹ ಶಾಸನಗಳಲ್ಲೆಲ್ಲ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳೇ ಇದ್ದುವು. ಆ ಬಿರುದಿನ ಅರಸು ಯಾರು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಬೀಗವನ್ನು ತೆಗೆದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿಯ ಬೌದ್ಧ ಚರಿತ್ರೆಗಳನ್ನು ನೋಡಿ ಈತನೇ ಅಶೋಕನೆಂದು ಗುರುತಿಸಿದ. ಆದರೂ ಅದು ಪುಸ್ತಕದಿಂದ ಕಲ್ಲಿಗೆ ತಂದ ಊಹೆಯಾಗಿತ್ತು. ಮಸ್ಕಿಯ ಬಂಡೆಯ ಮೇಲಾದರೋ ಬಿರುದೂ ಹೆಸರೂ ಒಂದರ ಪಕ್ಕದಲ್ಲೊಂದು ಕುಳಿತಿದ್ದುವು. ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಹೆಸರು ಕಾಣಿಸಿದ್ದು ಆಮೇಲೆ.

ಈ ಲೇಖನ ಅಶೋಕನನ್ನು ಕುರಿತದ್ದಲ್ಲ. ಗಣಕಯಂತ್ರದ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವ ‘ಡಿಬಗರ್’ ಎಂಬ ಸಾಧನವನ್ನು ಕುರಿತದ್ದು. ಅದರಲ್ಲಿಯೂ, ಕನ್ನಡದಂತಹ ಲಿಪಿಯಲ್ಲಿ ಬರೆದ ಹೆಸರುಗಳನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಕುರಿತದ್ದು. ಮಸ್ಕಿಯ ಕಲ್ಲನ್ನು ಮೊದಲು ತಂದುದಕ್ಕೆ ಕಾರಣವಿದೆ. ಬಿರುದು ಮಾತ್ರ ಗೊತ್ತಿರುವಾಗ ಹೆಸರನ್ನು ಹೊಂದಿಸಿಕೊಡುವ ಒಂದು ಸಾಲು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಆ ಕಲ್ಲಿನಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಹೊಳೆಯಲಿಲ್ಲ. ಡಿಬಗರಿನ ಇಡೀ ಉದ್ಯೋಗ ಅಂತಹ ಸಾಲುಗಳನ್ನು ಓದುವುದೇ ಆಗಿದೆ.

ಮೊದಲು ಪ್ರೋಗ್ರಾಂ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಒಂದು ದಲ್ಲಾಳಿ ಅಂಗಡಿಗೆ ಬಂದ ಜೋಳದ ಚೀಲಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ನೀವು ಬರೆದಿರೆಂದು ಇಟ್ಟುಕೊಳ್ಳಿ. ಅದರಲ್ಲಿ ತೂಕವನ್ನು ಇಡುವ ಜಾಗಕ್ಕೆ ‘ಜೋಳ’ ಎಂದೂ, ಎಣಿಸುವ ಭಾಗಕ್ಕೆ ‘ಎಣಿಸು’ ಎಂದೂ ಹೆಸರಿಟ್ಟಿದ್ದೀರಿ. ಇದು ಮನುಷ್ಯರು ಓದತಕ್ಕ ಬರೆಹ. ಇದನ್ನು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ ಯಂತ್ರದ ಭಾಷೆಗೆ ಇಳಿಸುತ್ತದೆ. ಯಂತ್ರಕ್ಕೆ ಜೋಳವೂ ಗೊತ್ತಿಲ್ಲ, ರಾಗಿಯೂ ಗೊತ್ತಿಲ್ಲ. ಅದಕ್ಕೆ ಬೇಕಾದುದು ಸ್ಮೃತಿಕೋಶದ ಮನೆಯ ಸಂಖ್ಯೆ. ‘ಇಂತಹ ಸಂಖ್ಯೆಯ ಮನೆಯಲ್ಲಿರುವುದನ್ನು ತೆಗೆದುಕೊ, ಇದನ್ನು ಕೂಡಿಸು, ಅಲ್ಲಿಡು’ ಎಂಬಷ್ಟೇ ಆಜ್ಞೆಗಳು ಉಳಿಯುತ್ತವೆ. ನೀವು ಪ್ರೀತಿಯಿಂದ ಇಟ್ಟ ಹೆಸರುಗಳು ಕೆಲಸಕ್ಕೆ ಬೇಡವಾಗುತ್ತವೆ.

ಆದರೆ ಲೆಕ್ಕ ತಪ್ಪಿದಾಗ ಏನು ಮಾಡಬೇಕು? ನೂರು ಚೀಲ ಬಂದಲ್ಲಿ ತೊಂಬತ್ತೊಂಬತ್ತು ಎಂದು ಬಂದರೆ, ‘ಇಂತಹ ಸಂಖ್ಯೆಯ ಮನೆಯಲ್ಲಿ ತಪ್ಪಿದೆ’ ಎಂದು ಹೇಳಿದರೆ ನಿಮಗೇನು ತಿಳಿದೀತು? ಅದಕ್ಕಾಗಿ ಕಂಪೈಲರ್, ನಾವು ಕೇಳಿಕೊಂಡರೆ, ಯಂತ್ರಭಾಷೆಯ ಜೊತೆಗೆ ಒಂದು ಪಟ್ಟಿಯನ್ನೂ ಬರೆದಿಡುತ್ತದೆ. ಯಾವ ಹೆಸರು, ಯಾವ ಸಂಖ್ಯೆಯ ಮನೆ, ಯಾವ ಕಡತದ ಎಷ್ಟನೆಯ ಸಾಲು, ಅಲ್ಲಿರುವುದು ಪೂರ್ಣಾಂಕವೋ ದಶಾಂಶವೋ ಎಂಬುದೆಲ್ಲ ಅದರಲ್ಲಿರುತ್ತದೆ. ಇಂದು ಬಹಳ ಯಂತ್ರಗಳಲ್ಲಿ ಈ ವಿವರಗಳನ್ನು ಬರೆದಿಡುವ ಪದ್ಧತಿಗೆ ‘ಡ್ವಾರ್ಫ್’ ಎಂದು ಹೆಸರು. ಪ್ರೋಗ್ರಾಂ ಕಡತದ ಮಾದರಿಗೆ ‘ಎಲ್ಫ್’ ಎಂದು ಹೆಸರಿರುವುದರಿಂದ, ಪಾಶ್ಚಾತ್ಯ ಅಜ್ಜಿಕಥೆಗಳ ಯಕ್ಷನಿಗೆ ಜೊತೆಯಾಗಿ ಕುಳ್ಳನನ್ನು ತಂದು ನಿಲ್ಲಿಸಿದರಂತೆ, ಎಂಜಿನಿಯರರ ವಿನೋದ!

ಈ ಪಟ್ಟಿಯನ್ನು ಓದಿಕೊಂಡು, ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ, ‘ಈಗ ಜೋಳ ಎಷ್ಟಿದೆ?’ ಎಂದು ಕೇಳಿದರೆ ಉತ್ತರ ಕೊಡುವುದೇ ಡಿಬಗರ್. ‘ಬಗ್’ ಎಂದರೆ ಹುಳು. 1947ರಲ್ಲಿ ಅಮೆರಿಕದ ಹಾರ್ವರ್ಡಿನ ಗಣಕಯಂತ್ರದೊಳಗೆ ಸಿಕ್ಕ ಪತಂಗವೊಂದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ ಕಥೆ ಪ್ರಸಿದ್ಧವಾಗಿದೆ. ಯಂತ್ರದೋಷಕ್ಕೆ ಹುಳುವೆಂದು ಕರೆಯುವ ವಾಡಿಕೆ ಅದಕ್ಕೂ ಹಳೆಯದು. ಇಂದು ವಿಶೇಷವಾಗಿ ಬಳಕೆಯಲ್ಲಿರುವ ‘ಜಿಡಿಬಿ’ ಎಂಬ ಡಿಬಗರನ್ನು ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದರು. ಅದು ಉಚಿತವಾಗಿ ಎಲ್ಲರಿಗೂ ದೊರೆಯುತ್ತದೆ. ಮುಂದಿನ ಮಾತುಗಳು ಮುಖ್ಯವಾಗಿ ಅದನ್ನು ಕುರಿತವು.

ನೀವು ‘ಜೋಳ’ ಎಂದು ಟೈಪು ಮಾಡಿ ಬೆಲೆ ಕೇಳಿದಾಗ ಡಿಬಗರ್ ಮಾಡುವ ಮೊದಲನೆಯ ಕೆಲಸ, ನೀವು ಬರೆದ ಸಾಲನ್ನು ಪದಗಳಾಗಿ ಬಿಡಿಸುವುದು. ಇದು ಹೆಸರು, ಇದು ಕೂಡುವ ಚಿಹ್ನೆ, ಇದು ಅಂಕಿ ಎಂದು ಬೇರ್ಪಡಿಸಬೇಕು. ಈ ಬಾಗಿಲಲ್ಲಿಯೇ ಬಹುಕಾಲ ಕನ್ನಡಕ್ಕೆ ಪ್ರವೇಶವಿರಲಿಲ್ಲ. ಹೆಸರೆಂದರೆ ಆಂಗ್ಲ ಅಕ್ಷರ, ಅಂಕಿ, ಅಡಿಗೆರೆ, ಇಷ್ಟೇ ಎಂದು ಹಳೆಯ ಎಂಜಿನಿಯರರು ಭಾವಿಸಿದ್ದರು. ಅವರಲ್ಲಿ ದ್ವೇಷವೇನೂ ಇರಲಿಲ್ಲ. 128 ಚಿಹ್ನೆಗಳ ಆಸ್ಕಿ ಸಂಕೇತದಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವೂ ಇರಲಿಲ್ಲ. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪ್ರಕಟವಾದಾಗ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಗುಣಿತದ ಗುರುತಿಗೂ ಒಂದೊಂದು ಸಂಖ್ಯೆ ಬಂತು. ಅದನ್ನು ಕಡತದಲ್ಲಿ ಬರೆಯುವ ‘ಯುಟಿಎಫ್-8’ ಎಂಬ ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳನ್ನು ಹಿಡಿಯುತ್ತದೆ. ಹೀಗಿದ್ದರೂ ಕಂಪೈಲರುಗಳೂ ಡಿಬಗರುಗಳೂ ಅದನ್ನು ಹೆಸರೆಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಜಿಡಿಬಿ 2018ರಲ್ಲಿ ಇಂತಹ ಹೆಸರುಗಳನ್ನು ಸಿ ಭಾಷೆಯ ಮಾತುಗಳೊಳಗೆ ಸ್ವೀಕರಿಸತೊಡಗಿತು. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನಲ್ಲಿ ಕನ್ನಡ ಅಕ್ಷರಗಳನ್ನು ನೇರವಾಗಿ ಹೆಸರಿನಲ್ಲಿ ಬರೆಯುವ ಅನುಕೂಲ ಬಂದುದು 2020ರಲ್ಲಿ. ಅದಕ್ಕೆ ಮೊದಲು ಒಂದೊಂದು ಅಕ್ಷರದ ಬದಲಿಗೂ ಅದರ ಸಂಖ್ಯೆಯನ್ನು ಬರೆಯಬೇಕಾಗಿತ್ತು. ‘ಜೋಳ’ ಎಂದು ಬರೆಯಲು ಮೂರು ಸಂಖ್ಯೆ ಕೆತ್ತಬೇಕೆಂದರೆ ಯಾರು ಬರೆದಾರು?

ಬಾಗಿಲು ತೆರೆದ ಬಗೆಯೂ ಸ್ವಾರಸ್ಯವಾಗಿದೆ. ಜಿಡಿಬಿ ಕನ್ನಡವನ್ನು ಕಲಿಯಲಿಲ್ಲ. ಆಸ್ಕಿಯ ಎಲ್ಲೆಯಾಚೆ ಇರುವ ಯಾವ ಬೈಟು ಬಂದರೂ ಅದನ್ನು ಹೆಸರಿನ ಭಾಗವೆಂದೇ ಎಣಿಸಿ ಮುಂದಕ್ಕೆ ಬಿಡುತ್ತದೆ, ಅಷ್ಟೆ. ಊರ ಜಾತ್ರೆಯಲ್ಲಿ ಪರಊರಿನವರ ಮುಖಪರಿಚಯವಿಲ್ಲದಿದ್ದರೂ ‘ನೆಂಟರಿರಬೇಕು, ಊಟಕ್ಕೆ ಕೂರಿಸಿರಿ’ ಎನ್ನುವ ಯಜಮಾನನಂತೆ. ಇದು ಔದಾರ್ಯ. ಆದರೆ ಔದಾರ್ಯಕ್ಕೂ ಪರಿಚಯಕ್ಕೂ ವ್ಯತ್ಯಾಸವಿದೆ. ಅದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ವಿಚಿತ್ರ ಹೆಸರುಗಳೆಲ್ಲ ನಮ್ಮಿಂದಲೇ ಬರುವುದಿಲ್ಲ. ಕಂಪೈಲರ್ ತಾನೂ ಕೆಲವನ್ನು ಹುಟ್ಟಿಸುತ್ತದೆ. ಪ್ರೋಗ್ರಾಂ ಚುರುಕಾಗಲೆಂದು ಅದು ಒಂದು ಭಾಗವನ್ನು ಎರಡಾಗಿ ಸೀಳಿ, ಸೀಳಿದ ತುಂಡಿಗೆ ಮೂಲದ ಹೆಸರಿನ ಮುಂದೆ ಒಂದು ಚುಕ್ಕೆ, ‘ಪಾರ್ಟ್’ ಎಂಬ ಮಾತು, ಮತ್ತೊಂದು ಚುಕ್ಕೆ, ಒಂದು ಅಂಕಿ, ಹೀಗೆ ಅಂಟಿಸುತ್ತದೆ. ಸಿ ಭಾಷೆಯಲ್ಲಿ ಹೆಸರಿನೊಳಗೆ ಚುಕ್ಕೆ ಬರುವಂತಿಲ್ಲವಾದ್ದರಿಂದ ನಿಮ್ಮ ಹೆಸರಿಗೂ ಅದರ ಹೆಸರಿಗೂ ಘರ್ಷಣೆಯಾಗುವುದಿಲ್ಲ, ಉಪಾಯ ಸೊಗಸಾಗಿದೆ. ಆದರೆ ಆ ಹೆಸರನ್ನು ನೀವು ಡಿಬಗರಿಗೆ ಹಾಗೆಯೇ ಕೊಟ್ಟರೆ ಅದು ಚುಕ್ಕೆಯನ್ನು ಕಂಡು, ‘ಇದು ದೊಡ್ಡ ವಸ್ತುವೊಂದರ ಒಳಗಿನ ಅಂಗವನ್ನು ಕೇಳುತ್ತಿದೆ’ ಎಂದು ತಿಳಿದು ದಾರಿ ತಪ್ಪುತ್ತದೆ. ಪರಿಹಾರ ಸುಲಭ: ಇಡೀ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗೆ ಇಟ್ಟರಾಯಿತು. ಒಳಗಿರುವುದನ್ನು ಬಿಡಿಸದೆ ಒಂದೇ ಹೆಸರಾಗಿ ಅದು ಹುಡುಕುತ್ತದೆ. ಎಷ್ಟೋ ಜನ ಅನುಭವಸ್ಥರಿಗೂ ಇದು ತಿಳಿದಿರುವುದಿಲ್ಲ.

ಇನ್ನು ಅಲಂಕಾರದ ಹೆಸರುಗಳು. ಮಸ್ಕಿಯ ಸಂತೆಯಲ್ಲಿ ನಿಂತು ‘ಮಲ್ಲಪ್ಪ’ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡಿಯಾರು. ಮನೆತನದ ಹೆಸರನ್ನೂ ಸೇರಿಸಿದರೆ ಬೇಕಾದವರೊಬ್ಬರೇ ಬರುತ್ತಾರೆ. ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿಯೂ ಒಂದೇ ಹೆಸರಿನ ಅನೇಕ ಭಾಗಗಳಿರಬಹುದು: ಪೂರ್ಣಾಂಕವನ್ನು ತೆಗೆದುಕೊಳ್ಳುವ ‘ಎಣಿಸು’ ಒಂದು, ದಶಾಂಶವನ್ನು ತೆಗೆದುಕೊಳ್ಳುವ ‘ಎಣಿಸು’ ಇನ್ನೊಂದು. ಆದುದರಿಂದ ಕಂಪೈಲರ್ ಪಟ್ಟಿಯಲ್ಲಿ ಹೆಸರಿಗೆ ಹಿಂದುಮುಂದು ಗುರುತು ಸೇರಿಸುತ್ತದೆ. ಮೊದಲು ಅಡಿಗೆರೆ, ಆಮೇಲೆ ಆಂಗ್ಲದ ದೊಡ್ಡ ಜೆಡ್, ಆಮೇಲೆ ಹೆಸರಿನ ಉದ್ದ, ಆಮೇಲೆ ಹೆಸರು, ಕೊನೆಗೆ ತೆಗೆದುಕೊಳ್ಳುವ ಪದಾರ್ಥದ ಗುರುತಾಗಿ ಒಂದು ಅಕ್ಷರ. ಪೂರ್ಣಾಂಕವಾದರೆ ಐ, ದಶಾಂಶವಾದರೆ ಡಿ. ಇದನ್ನು ಬಿಡಿಸಿ ನಿಮಗೆ ಮೂಲದ ಹೆಸರನ್ನೇ ತೋರಿಸುವುದು ಡಿಬಗರಿನ ಹೊಣೆ.

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ‘ಎಣಿಸು’ ಎಂಬುದರ ಉದ್ದವೆಷ್ಟು? ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಎ, ಣ, ಗುಡಿಸು, ಸ, ಕೊಂಬು, ಹೀಗೆ ಐದು. ಬೈಟಿನ ಲೆಕ್ಕದಲ್ಲಿ ಹದಿನೈದು. ಪಟ್ಟಿಯಲ್ಲಿ ಬರೆಯುವುದು ಹದಿನೈದು ಎಂದೇ. ಡಿಬಗರೂ ಹದಿನೈದೆಂದು ಎಣಿಸಿದರೆ ಹೆಸರು ಸರಿಯಾಗಿ ಕಳಚಿಕೊಂಡು ಬರುತ್ತದೆ. ನಡುವಿನ ಯಾವುದೋ ಸಾಧನ ಬೈಟಿನ ಬದಲು ಅಕ್ಷರ ಎಣಿಸಿತೋ, ಹೆಸರಿನ ಬಾಲ ಎಲ್ಲಿ, ಗುರುತಿನ ತಲೆ ಎಲ್ಲಿ ಎಂಬುದು ಅದಕ್ಕೆ ತಿಳಿಯದು. ಆಂಗ್ಲ ಹೆಸರಿನಲ್ಲಿ ಅಕ್ಷರವೂ ಬೈಟೂ ಒಂದೇ ಆದ್ದರಿಂದ ಅಂತಹ ತಪ್ಪು ವರ್ಷಗಟ್ಟಲೆ ಹೊರಬೀಳದೆ ಅಡಗಿರಬಹುದು. ಕನ್ನಡ ಬಂದೊಡನೆ ಅದು ಬಯಲಾಗುತ್ತದೆ. ಆಗ ‘ಕನ್ನಡದಿಂದ ತೊಂದರೆಯಾಯಿತು’ ಎನ್ನುವವರುಂಟು. ತೊಂದರೆ ಮೊದಲೇ ಇತ್ತು, ಕನ್ನಡ ಅದನ್ನು ತೋರಿಸಿಕೊಟ್ಟಿತು, ಎಂದರೆ ಸರಿಯಾದೀತು.

ಕೆಲವು ಭಾಷೆಗಳ ಕಂಪೈಲರುಗಳು ಕನ್ನಡವನ್ನು ಕನ್ನಡವಾಗಿ ಇಡುವುದೇ ಇಲ್ಲ. ಏಡಾ ಭಾಷೆಯ ನ್ಯಾಟ್ ಎಂಬ ಕಂಪೈಲರ್ ಪ್ರತಿಯೊಂದು ಸಂಕೇತಕ್ಕೂ ಡಬ್ಲ್ಯು ಎಂಬ ಅಕ್ಷರವನ್ನೂ ಹದಿನಾರರ ಮಾನದ ನಾಲ್ಕು ಅಂಕಿಗಳನ್ನೂ ಬರೆಯುತ್ತದೆ. ‘ಜ’ ಎಂಬುದು ‘ಡಬ್ಲ್ಯು-ಸೊನ್ನೆ-ಸಿ-ಒಂಬತ್ತು-ಸಿ’ ಎಂದಾಗುತ್ತದೆ. ಇದನ್ನು ತಿರುಗಿ ‘ಜ’ ಎಂದು ಓದುವುದನ್ನು ಜಿಡಿಬಿ ಕಲಿತದ್ದು 2022ರಲ್ಲಿ. ರಸ್ಟ್ ಎಂಬ ಭಾಷೆ 2021ರಲ್ಲಿ ಕನ್ನಡ ಮುಂತಾದ ಲಿಪಿಗಳ ಹೆಸರುಗಳಿಗೆ ಒಪ್ಪಿಗೆ ಕೊಟ್ಟಿತು. ಅದರ ಹೊಸ ಪದ್ಧತಿಯಲ್ಲಿ ಆ ಹೆಸರುಗಳನ್ನು ‘ಪ್ಯೂನಿಕೋಡ್’ ಎಂಬ ಕ್ರಮದಿಂದ ಆಂಗ್ಲ ಅಕ್ಷರಗಳಾಗಿ ಮಡಿಸಿಡಲಾಗುತ್ತದೆ.

ಈಗ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಗಹನವಾದ ತೊಡಕಿಗೆ ಬರೋಣ. ‘ಜೋಳ’ ಎಂಬ ಮಾತನ್ನು ಗಣಕದಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ‘ಜ’, ಆಮೇಲೆ ಓಕಾರದ ಗುರುತು, ಆಮೇಲೆ ‘ಳ’: ಇದು ಮೂರು ಸಂಕೇತ, ಒಂಬತ್ತು ಬೈಟು. ಆದರೆ ನಾವು ಮಕ್ಕಳಿಗೆ ಕೈಬರೆಹ ಕಲಿಸುವಾಗ ಓಕಾರವನ್ನು ಬಿಡಿಸಿ ಹೇಳುತ್ತೇವಷ್ಟೆ: ಎತ್ವ, ಕೊಂಬಿನ ಇಳಿ, ದೀರ್ಘ. ಯೂನಿಕೋಡ್ ಕೂಡ ಈ ಬಿಡಿಸಿದ ರೂಪವನ್ನು ಮಾನ್ಯ ಮಾಡಿದೆ. ಹಾಗೆ ಬರೆದರೆ ‘ಜ’, ಎತ್ವ, ಕೊಂಬಿನ ಇಳಿ, ದೀರ್ಘ, ‘ಳ’, ಒಟ್ಟು ಐದು ಸಂಕೇತ, ಹದಿನೈದು ಬೈಟು. ಪರದೆಯ ಮೇಲೆ ಎರಡೂ ಒಂದೇ ‘ಜೋಳ’. ಭೂತಗನ್ನಡಿ ಹಿಡಿದು ನೋಡಿದರೂ ಭೇದ ಕಾಣದು. ಈ ಎರಡೂ ಸಮಾನವೆಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕೆಂಬ ವಿಧಿಯನ್ನೂ ಕೊಟ್ಟಿದೆ.

ಪೈಥಾನ್ ಭಾಷೆ ಈ ವಿಧಿಯನ್ನು ಪಾಲಿಸುತ್ತದೆ. ಹೆಸರನ್ನು ಓದಿದೊಡನೆ ಒಂದು ರೂಪಕ್ಕೆ ತರುತ್ತದೆ. ಅಲ್ಲಿ ಎರಡು ಜೋಳವೂ ಒಂದೇ. ರಸ್ಟ್ ಕೂಡ ಹಾಗೆಯೇ. ಜಿಸಿಸಿ ಕಂಪೈಲರ್ ಬಿಡಿಸಿದ ರೂಪವನ್ನು ಕಂಡರೆ ಎಚ್ಚರಿಕೆಯ ಮಾತೊಂದನ್ನು ಹೇಳುತ್ತದೆ, ಆದರೆ ಬದಲಾಯಿಸುವುದಿಲ್ಲ. ಜಿಡಿಬಿಯಾದರೋ ಬೈಟುಗಳನ್ನೇ ಹೋಲಿಸುತ್ತದೆ. ಪ್ರೋಗ್ರಾಮಿನಲ್ಲಿ ಬಿಡಿಸಿ ಬರೆದ ಜೋಳವಿದ್ದು, ನಿಮ್ಮ ಕೀಲಿಮಣೆಯಿಂದ ಕೂಡಿಸಿದ ಜೋಳ ಬಂದರೆ, ‘ಈ ಸಂದರ್ಭದಲ್ಲಿ ಅಂತಹ ಚಿಹ್ನೆಯಿಲ್ಲ’ ಎಂದು ಅದು ಖಂಡಿತವಾಗಿ ಹೇಳಿಬಿಡುತ್ತದೆ. ಹೆಸರು ಕಣ್ಣೆದುರಿಗಿದೆ, ಯಂತ್ರ ಇಲ್ಲವೆನ್ನುತ್ತದೆ. ಕನ್ನಡ ಶಾಲೆಯಲ್ಲಿ ಓದಿ, ಮೊದಲ ಸಲ ಪ್ರೋಗ್ರಾಂ ಬರೆಯುವ ಹುಡುಗಿಯೊಬ್ಬಳು ಆ ಉತ್ತರವನ್ನು ಕಂಡು ಏನು ತಿಳಿದುಕೊಂಡಾಳು? ತಾನು ದಡ್ಡಿಯೆಂದೋ, ಕನ್ನಡ ಈ ಕೆಲಸಕ್ಕೆ ಬಾರದೆಂದೋ. ಎರಡೂ ಸುಳ್ಳು. ಅವಳಿಗೆ ಹೇಳಬೇಕಾದುದು ಇಷ್ಟೆ: ಹೆಸರನ್ನು ಕೈಯಿಂದ ಮತ್ತೆ ಟೈಪು ಮಾಡಬೇಡ, ಪ್ರೋಗ್ರಾಮಿನ ಬರೆಹದಿಂದಲೇ ಎತ್ತಿ ಡಿಬಗರಿನಲ್ಲಿ ಇಡು. ಆಗ ಸಿಕ್ಕಿದರೆ ಬರೆಹದ ರೂಪದಲ್ಲಿಯೇ ಭೇದವಿತ್ತೆಂದು ತಿಳಿ. ಆಮೇಲೆ ಕಡತವನ್ನೆಲ್ಲ ಕೂಡಿಸಿದ ರೂಪಕ್ಕೆ ತಂದು ಮತ್ತೆ ಕಂಪೈಲ್ ಮಾಡು.

ಕಡತದ ಹೆಸರಿನಲ್ಲಿಯೂ ಇದೇ ಪೀಡೆಯುಂಟು. ಆಪಲ್ ಸಂಸ್ಥೆಯ ಹಿಂದಿನ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಇನ್ನೊಂದು, ‘ಸಾಫ್ಟ್‌ವೇರ್’ ಎಂಬಂತಹ ಮಾತಿನಲ್ಲಿ ಒತ್ತಕ್ಷರವಾಗದಂತೆ ನಾವು ನಡುವೆ ಹಾಕುವ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಚಿಹ್ನೆ. 2011ರ ಸಿ ಭಾಷೆಯ ನಿಯಮ ಅದನ್ನು ಹೆಸರಿನೊಳಗೆ ಬಿಟ್ಟುಕೊಂಡಿತ್ತು, ಪೈಥಾನ್ ಬಿಡುವುದಿಲ್ಲ. ಹೆಸರುಗಳಲ್ಲಿ ಅದನ್ನು ಬಳಸದಿರುವುದೇ ಲೇಸು.

ಹೆಸರು ಸಿಕ್ಕಿದ ಮೇಲೂ ಅದನ್ನು, ಅದರ ಬೆಲೆಯನ್ನು, ಓದುವಂತೆ ತೋರಿಸಬೇಕಷ್ಟೆ. ಪ್ರೋಗ್ರಾಮಿನೊಳಗೆ ‘ಮಸ್ಕಿ’ ಎಂಬ ಊರ ಹೆಸರನ್ನು ಶೇಖರಿಸಿದ್ದೀರಿ. ಡಿಬಗರನ್ನು ಕೇಳಿದರೆ 340, 262, 256 ಎಂದು ಮೊದಲಾಗುವ ಅಂಕಿಗಳ ಸರ ಬರುತ್ತದೆ. ಗಾಬರಿ ಬೇಡ. ಅವು ‘ಮ’ ಎಂಬುದರ ಮೂರು ಬೈಟುಗಳು, ಎಂಟರ ಮಾನದಲ್ಲಿ ಬರೆದವು. ನಿಮ್ಮ ಪರದೆಗೆ ಆಸ್ಕಿಯ ಹೊರತು ಬೇರೇನೂ ಬಾರದೆಂದು ಡಿಬಗರ್ ತಿಳಿದುಕೊಂಡಿದೆ, ಅಷ್ಟೆ. ಪರದೆಯ ಸಂಕೇತ ಯಾವುದು, ಪ್ರೋಗ್ರಾಮಿನ ಸಂಕೇತ ಯಾವುದು ಎಂಬ ಎರಡು ವ್ಯವಸ್ಥೆಗಳು ಜಿಡಿಬಿಯಲ್ಲಿ ಬೇರೆ ಬೇರೆ ಇವೆ. ಎರಡನ್ನೂ ಯುಟಿಎಫ್-8ಕ್ಕೆ ಇಟ್ಟರೆ ‘ಮಸ್ಕಿ’ ಮೂಡುತ್ತದೆ. ನಮ್ಮ ಕಚೇರಿಗಳಲ್ಲಿ ಹಳೆಯ ನುಡಿ ತಂತ್ರಾಂಶದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದವರಿಗೆ ಇದರ ರುಚಿ ಗೊತ್ತು: ‘ಕನ್ನಡ’ ಎಂಬ ಮಾತಿನ ಹೊಟ್ಟೆಯಲ್ಲಿ ಇಂಗ್ಲೆಂಡಿನ ಪೌಂಡಿನ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಕಡತ ಕೆಟ್ಟಿರುವುದಿಲ್ಲ, ಓದುವ ಕೋಷ್ಟಕ ಬೇರೆಯಾಗಿರುತ್ತದೆ.

ಪ್ರಾಚೀನ ಲಿಪಿಕಾರರೂ ಓದುಗರನ್ನು ಹೀಗೆ ಪರೀಕ್ಷಿಸಿದ್ದುಂಟು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಅಲ್ಲಿ ಲಿಪಿ ಬದಲಾಗಿದೆಯೆಂದು ತಿಳಿಯದವನಿಗೆ ಅದು ಬರಿಯ ಗೀಚು. ಆಂಧ್ರದ ಎರ್ರಗುಡಿಯಲ್ಲಿಯಂತೂ ಬ್ರಾಹ್ಮಿಯ ಕೆಲವು ಸಾಲುಗಳೇ ಎಡಮುಖವಾಗಿ ತಿರುಗಿವೆ.

ಕೊನೆಯದಾಗಿ, ಹೆಸರೇ ಇಲ್ಲದ ಸ್ಥಿತಿ. ಮಾರಾಟಕ್ಕೆ ಕಳುಹಿಸುವ ಪ್ರೋಗ್ರಾಂಗಳಿಂದ ಗಾತ್ರ ಇಳಿಸಲೆಂದೋ, ಒಳಗುಟ್ಟು ಬಯಲಾಗದಿರಲೆಂದೋ, ಹೆಸರಿನ ಪಟ್ಟಿಯನ್ನು ಕಿತ್ತುಹಾಕುವುದುಂಟು. ಅಂತಹ ಪ್ರೋಗ್ರಾಂ ಎಡವಿ ಬಿದ್ದಾಗ ಡಿಬಗರ್ ಹೆಸರಿರಬೇಕಾದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಬರೆದು, ಪಕ್ಕದಲ್ಲಿ ಮನೆಯ ಸಂಖ್ಯೆಯನ್ನು ಮಾತ್ರ ಕೊಡುತ್ತದೆ. ಬುದ್ಧಿವಂತರು ಕಿತ್ತ ಪಟ್ಟಿಯನ್ನು ಎಸೆಯದೆ ಬೇರೊಂದು ಕಡತದಲ್ಲಿ ಇಟ್ಟುಕೊಂಡಿರುತ್ತಾರೆ. ಬೇಕಾದಾಗ ಡಿಬಗರಿಗೆ ಅದನ್ನು ಒದಗಿಸುತ್ತಾರೆ. ಆ ಪಟ್ಟಿ ಇದೇ ಪ್ರೋಗ್ರಾಮಿನದೋ, ನಿನ್ನೆಯ ಪ್ರೋಗ್ರಾಮಿನದೋ? ಇದಕ್ಕಾಗಿ ಎರಡರಲ್ಲಿಯೂ ಒಂದೇ ಗುರುತಿನ ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ, ಅದು ಹೊಂದದಿದ್ದರೆ ಡಿಬಗರ್ ಎಚ್ಚರಿಸುತ್ತದೆ. ಮಸ್ಕಿಯ ಬಂಡೆಯಲ್ಲಿ ಎಷ್ಟೋ ಅಕ್ಷರಗಳು ಸವೆದುಹೋಗಿವೆ. ಅವನ್ನು ತುಂಬಿಕೊಳ್ಳಲು ವಿದ್ವಾಂಸರು ಬ್ರಹ್ಮಗಿರಿ, ರೂಪನಾಥ, ಸಹಸ್ರಾಮಗಳಲ್ಲಿರುವ ಅದೇ ಶಾಸನದ ಬೇರೆ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡರು. ಪ್ರತಿಗಳ ಪಾಠ ಅಲ್ಲಲ್ಲಿ ಬೇರೆಯಾಗಿರುವುದರಿಂದ, ತುಂಬಿದ ಅಕ್ಷರಗಳನ್ನು ಕಂಸದೊಳಗೆ ಅಚ್ಚುಹಾಕುವುದು ಅವರ ಪದ್ಧತಿ. ‘ದೇವಾನಾಂಪಿಯ’ ಎಂಬುದರ ಮೊದಲಕ್ಷರ ಮಸ್ಕಿಯಲ್ಲಿ ಕಂಸದೊಳಗೇ ಇದೆ. ಅಶೋಕನ ಹೆಸರು ಹೊರಗಿದೆ.